ಜಾಮ್ ಆದ ಜಾವಾ, ಯೆಜ್ಡಿ ಎಂಜಿನ್ ಬಿಚ್ಚುವುದು ಹೇಗೆ: ಮೊದಲು ಏನು, ಆಮೇಲೆ ಏನು

ವರ್ಷಗಟ್ಟಲೆ ನಿಂತ ಗಾಡಿಯನ್ನು ಯಾರಾದರೂ ತಂದಾಗ ನಾನು ಮೊದಲು ನೋಡುವುದು ತುಕ್ಕನ್ನಲ್ಲ, ಗಾಯಗಳನ್ನು. ಕಿಕ್ ಲಿವರ್‌ನ ಹಲ್ಲು ಸವೆದಿರುತ್ತದೆ. ಸೈಡ್ ಕವರ್ ಸ್ಕ್ರೂಗಳ ತಲೆ ಉಳಿ ಏಟಿಗೆ ಚಪ್ಪಟೆಯಾಗಿರುತ್ತದೆ. ಬ್ಲಾಕ್‌ನ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್‌ನ, ಎರಡು ಫಿನ್ (ತಂಪಾಗಿಸುವ ಪಟ್ಟಿ) ಮುರಿದಿರುತ್ತವೆ. ಚೇಂಬರ್‌ನ, ಅಂದರೆ ಎಂಜಿನ್‌ನ ಕೆಳಗಿನ ಎರಡು ಭಾಗದ ಗೂಡಿನ, ಜೋಡಣೆಯಲ್ಲಿ ಸ್ಕ್ರೂಡ್ರೈವರ್ ತೂರಿಸಿ ಮೀಟಿದ ಗುರುತು ಇರುತ್ತದೆ. ಇದ್ಯಾವುದೂ ವಯಸ್ಸಿನಿಂದ ಆದದ್ದಲ್ಲ. ಎಲ್ಲವೂ ಒಂದೆರಡು ದಿನದ ಅವಸರದಲ್ಲಿ ಆದದ್ದು.

ಇಲ್ಲಿ ಹೇಳುತ್ತಿರುವುದು ಮೈಸೂರಿನಲ್ಲಿ ತಯಾರಾದ ಜಾವಾ 250 ಮತ್ತು ಯೆಜ್ಡಿ 250 ಎಂಜಿನ್‌ಗಳ ಬಗ್ಗೆ. ಟೂ ಸ್ಟ್ರೋಕ್, ಒಂದೇ ಸಿಲಿಂಡರ್, 65 ಮಿ.ಮೀ. ಬೋರ್ (ಸಿಲಿಂಡರ್‌ನ ಒಳ ಅಗಲ), 75 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ), ಎರಡು ಸೈಲೆನ್ಸರ್. ಎಂಜಿನ್, ಗೇರ್ ಬಾಕ್ಸ್ ಎರಡೂ ಒಂದೇ ಚೇಂಬರ್‌ನಲ್ಲಿ. ಬೇರೆ ಹಳೆಯ ಟೂ ಸ್ಟ್ರೋಕ್ ಗಾಡಿಗಳಿಗೂ ಇದರ ಬಹುಪಾಲು ಹೊಂದುತ್ತದೆ.

ಒಂದು ಲೆಕ್ಕವನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಪಿಸ್ಟನ್ ಹೋದರೆ ಹೋಗಲಿ, ಹೊಸದು ಸಿಗುತ್ತದೆ. ಬ್ಲಾಕ್ ಹಾಳಾದರೆ ಹುಡುಕಬೇಕು. ಚೇಂಬರ್ ಒಡೆದರೆ ಕಷ್ಟ, ಯಾಕೆಂದರೆ ಎಂಜಿನ್ ನಂಬರ್ ಇರುವುದೇ ಅದರ ಮೇಲೆ. ಬೇರೆ ಚೇಂಬರ್ ಹಾಕಿದರೆ ನಂಬರ್ ಆರ್‌ಸಿಗೆ ಹೊಂದುವುದಿಲ್ಲ, ಆರ್‌ಟಿಒ ಕಚೇರಿಗೆ ಅಲೆದಾಟ ಶುರು. ಹಾಗಾಗಿ ಯಾವ ಹಂತದಲ್ಲಾದರೂ ಒಂದನ್ನು ಕಳೆದುಕೊಳ್ಳಲೇಬೇಕು ಅಂತಾದರೆ ಪಿಸ್ಟನ್ ಬಿಡಿ, ಚೇಂಬರ್ ಉಳಿಸಿ.

## ಕೈಯಲ್ಲಿ ಇರಬೇಕಾದ ಸಾಮಾನು

ರಿಂಗ್ ಸ್ಪ್ಯಾನರ್ ಮತ್ತು ಸಾಕೆಟ್ ಸೆಟ್ ಹೇಗೂ ಇರುತ್ತದೆ. ಅದರ ಜೊತೆಗೆ ಕೆಲವನ್ನು ತರಿಸಿಕೊಂಡೇ ಕೆಲಸ ಶುರು ಮಾಡಿ. ಮೊದಲನೆಯದು ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್. ಈ ಎಂಜಿನ್‌ನ ಕವರ್‌ಗಳಲ್ಲಿ ಇರುವುದು ಒಂದು ಗೀರಿನ ಸ್ಕ್ರೂ. ಸಾಧಾರಣ ಸ್ಕ್ರೂಡ್ರೈವರ್‌ಗೆ ಅವು ಜಗ್ಗುವುದಿಲ್ಲ, ತಲೆ ಮಾತ್ರ ಹಾಳಾಗುತ್ತದೆ. ಬಿಟ್ ಗೀರಿನ ಅಗಲಕ್ಕೆ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಗ್ರೈಂಡರ್‌ನಲ್ಲಿ ತಿಕ್ಕಿ ಸರಿ ಮಾಡಿಕೊಳ್ಳಿ.

ರೋಟರ್ (ಡೈನಮೊದ ತಿರುಗುವ ಭಾಗ) ಮತ್ತು ಎಂಜಿನ್ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಎಳೆದು ತೆಗೆಯಲು ಪುಲ್ಲರ್ ಬೇಕು. ಹಳೆಯ ಜಾವಾ ಮೆಕ್ಯಾನಿಕ್‌ಗಳ ಹತ್ತಿರ ಇರುತ್ತದೆ, ಇಲ್ಲವೆಂದರೆ ಲೇತ್‌ನಲ್ಲಿ ಮಾಡಿಸಬಹುದು. ಸರ್ಕ್ಲಿಪ್ (ಪಿಸ್ಟನ್ ಪಿನ್ ಜಾರದಂತೆ ಹಿಡಿಯುವ ಉಂಗುರ) ತೆಗೆಯುವ ಪ್ಲೇಯರ್, ನೈಲಾನ್ ಸುತ್ತಿಗೆ, ಹೀಟ್ ಗನ್, ಒಳ್ಳೆಯ ಟಾರ್ಚ್, ಒಂದು ಲೀಟರ್ ಎಟಿಎಫ್ ಅಂದರೆ ಪವರ್ ಸ್ಟಿಯರಿಂಗ್‌ಗೆ ಹಾಕುವ ಕೆಂಪು ಆಯಿಲ್, ಅಷ್ಟೇ ಅಸಿಟೋನ್. ಬೋರ್‌ಗಿಂತ ಸ್ವಲ್ಪ ಸಣ್ಣ, ಸುಮಾರು 62 ಮಿ.ಮೀ. ದಪ್ಪದ ಗಟ್ಟಿ ಮರದ ಒಂದು ಉರುಟು ತುಂಡು. ಬಡಗಿಗೆ ಹೇಳಿದರೆ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಕೊನೆಯದಾಗಿ ಹಳೆಯ ರಟ್ಟಿನ ಡಬ್ಬಗಳು ಮತ್ತು ಮಾರ್ಕರ್ ಪೆನ್ನು. ರಟ್ಟು ಯಾಕೆ ಅಂತ ಮುಂದೆ ಹೇಳುತ್ತೇನೆ.

## ಹಂತ 1: ಜಾಮ್ ಆಗಿರುವುದು ಎಲ್ಲಿ?

ಕಿಕ್ ಇಳಿಯುತ್ತಿಲ್ಲ ಅಂದ ತಕ್ಷಣ ಎಲ್ಲರೂ ಪಿಸ್ಟನ್ ಹಿಡಿದಿದೆ ಅಂದುಬಿಡುತ್ತಾರೆ. ಹಾಗೇ ಇರಬೇಕೆಂದಿಲ್ಲ. ಕ್ರ್ಯಾಂಕ್‌ನ (ಪಿಸ್ಟನ್ ಸುತ್ತಿಸುವ ಶಾಫ್ಟ್‌ನ) ಬೇರಿಂಗ್ ತುಕ್ಕು ಹಿಡಿದಿರಬಹುದು, ಗೇರ್ ಬಾಕ್ಸ್ ಹಿಡಿದಿರಬಹುದು, ಕಿಕ್ ಶಾಫ್ಟೇ ಸಿಕ್ಕಿಕೊಂಡಿರಬಹುದು. ಒಂದೊಂದಕ್ಕೂ ಬೇರೆ ದಾರಿ.

ಕಿಕ್ ಮೇಲೆ ನಿಂತು ತುಳಿಯಬೇಡಿ. ಈ ಗಾಡಿಗಳಲ್ಲಿ ಕಿಕ್ ಮತ್ತು ಗೇರ್‌ಗೆ ಒಂದೇ ಲಿವರ್, ಅಲ್ವಾ? ಅದನ್ನು ಹಾಳು ಮಾಡಿದರೆ ಎರಡೂ ಕೆಲಸ ನಿಂತವು. ಗೇರ್ ಹಾಕಿ ಗಾಡಿ ತಳ್ಳಿ ಬಿಡಿಸುವುದೂ ಬೇಡ. ಹಿಂದಿನ ಚಕ್ರದ ಅಷ್ಟೂ ಬಲ ಗೇರ್ ಹಲ್ಲು, ಚೈನ್, ಕಾನ್‌ರಾಡ್ (ಪಿಸ್ಟನ್ ಮತ್ತು ಕ್ರ್ಯಾಂಕ್ ಸೇರಿಸುವ ರಾಡ್) ಮೇಲೆ ಹೋಗುತ್ತದೆ.

ಹೀಗೆ ಮಾಡಿ. ಗಾಡಿಯನ್ನು ನ್ಯೂಟ್ರಲ್‌ಗೆ ತನ್ನಿ. ಸ್ಪಾರ್ಕ್ ಪ್ಲಗ್ ತೆಗೆಯಿರಿ. ಬಲಗಡೆಯ ಕವರ್ ಬಿಚ್ಚಿ, ಡೈನಮೊ ರೋಟರ್‌ನ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ಬಿಗಿಯುವ ಕಡೆಗೆ ಮೆಲ್ಲಗೆ ತಿರುಗಿಸಿ ನೋಡಿ.

ರೋಟರ್ ಸಲೀಸಾಗಿ ಸುತ್ತಿದರೆ ಎಂಜಿನ್ ಜಾಮ್ ಆಗಿಲ್ಲ, ತೊಂದರೆ ಕಿಕ್, ಕ್ಲಚ್ ಅಥವಾ ಗೇರ್ ಬಾಕ್ಸ್‌ನಲ್ಲಿದೆ. ಒಂದು ಕೂದಲೆಳೆಯಷ್ಟು ಆಡಿ ನಿಂತರೆ ಪಿಸ್ಟನ್ ಹಿಡಿದಿರುವುದೇ ಜಾಸ್ತಿ. ಬೇರಿಂಗ್‌ಗಳಿಗೆ ಇನ್ನೂ ಜೀವ ಇದೆ ಅಂತ ಆ ಸಣ್ಣ ಆಟ ಹೇಳುತ್ತದೆ. ಕಲ್ಲಿನಂತೆ ಒಂಚೂರೂ ಅಲ್ಲಾಡದಿದ್ದರೆ ಕ್ರ್ಯಾಂಕ್ ಬೇರಿಂಗ್ ಕೂಡ ಹಿಡಿದಿದೆ ಎಂದು ತಿಳಿದು ಮುಂದೆ ಹೋಗಿ.

ಈಗ ಎರಡೂ ಬೆಂಡ್ ಪೈಪ್ (ಹೊಗೆ ಸೈಲೆನ್ಸರ್‌ಗೆ ಹೋಗುವ ಪೈಪ್) ಮತ್ತು ಕಾರ್ಬ್ಯುರೇಟರ್ ಬಿಚ್ಚಿ. ಟೂ ಸ್ಟ್ರೋಕ್‌ನ ಒಳ್ಳೆಯ ಗುಣ ಇದು, ಹೆಡ್ ಬಿಚ್ಚದೆಯೇ ಒಳಗೆ ಇಣುಕಬಹುದು. ಎಕ್ಸಾಸ್ಟ್ ಕಿಂಡಿಯೊಳಗೆ ಟಾರ್ಚ್ ಹಿಡಿಯಿರಿ. ಪಿಸ್ಟನ್ ಪಕ್ಕೆ ಕಂಡರೆ ಅದು ಮೇಲಿದೆ. ಪಿಸ್ಟನ್ ತಲೆ ಕೆಳಗೆ ಕಂಡು ಆಚೆ ಗೋಡೆ ಕಾಣಿಸಿದರೆ ಅದು ಕೆಳಗೆ ನಿಂತಿದೆ. ಎಲ್ಲಿದೆ ಎಂದು ಬರೆದಿಟ್ಟುಕೊಳ್ಳಿ, ಮುಂದಿನ ಎಲ್ಲ ಲೆಕ್ಕ ಇದರ ಮೇಲೆ ನಿಂತಿದೆ.

ಗೆಳೆಯರೊಬ್ಬರು ದನದ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತಿದ್ದ ಯೆಜ್ಡಿ ತಂದಿದ್ದರು. ಎಡ ಬೆಂಡ್ ಪೈಪ್ ಬಿಚ್ಚಿದರೆ ಒಳಗೆ ಕಣಜ ಕಟ್ಟಿದ ಮಣ್ಣಿನ ಗೂಡು, ಬೆರಳು ಗಾತ್ರದ್ದು. ಬಲಗಡೆ ಕಿಂಡಿಯಲ್ಲಿ ನೋಡಿದರೆ ಬೋರ್‌ನ ಗೋಡೆಯ ಮೇಲೆ ಕಾಫಿ ಬಣ್ಣದ ಒಂದು ಗೆರೆ. ನೀರು ಎಷ್ಟು ಎತ್ತರಕ್ಕೆ ನಿಂತಿತ್ತು ಅಂತ ಆ ಗೆರೆಯೇ ಹೇಳುತ್ತಿತ್ತು. ಪಿಸ್ಟನ್ ಕೆಳಗೆ ನಿಂತಿದ್ದರಿಂದ ಕಿಂಡಿಗಳು ತೆರೆದಿದ್ದವು, ಮಳೆ ನೀರು ಸೈಲೆನ್ಸರ್ ದಾರಿಯಲ್ಲಿ ಒಳಗೆ ಬಂದಿತ್ತು. ಇಂಥ ಎಂಜಿನ್‌ನಲ್ಲಿ ಕ್ರ್ಯಾಂಕ್‌ಗೂ ನೀರು ಹೋಗಿರುತ್ತದೆ, ಅನುಮಾನ ಬೇಡ.

## ಹಂತ 2: ಫೋಟೊ, ನಂಬರ್, ಆಯಿಲ್

ಬ್ಯಾಟರಿ ಮತ್ತು ಪೆಟ್ರೋಲ್ ಟ್ಯಾಂಕ್ ತೆಗೆದು ದೂರ ಇಡಿ. ಹಳೆಯ ಪೆಟ್ರೋಲ್ ಇದ್ದರೆ ಖಾಲಿ ಮಾಡಿ. ಮುಂದೆ ಹೀಟ್ ಗನ್ ಹಿಡಿಯುವವರು ನೀವು.

ಎಂಜಿನ್ ನಂಬರ್ ಇರುವ ಜಾಗವನ್ನು ಬಟ್ಟೆಯಿಂದ ಒರೆಸಿ ಫೋಟೊ ತೆಗೆಯಿರಿ. ಅಲ್ಲಿಗೆ ಎಮರಿ ಪೇಪರ್, ವೈರ್ ಬ್ರಷ್ ಮುಟ್ಟಿಸಬೇಡಿ. ವೈರಿಂಗ್, ಕೇಬಲ್ ಹೋಗುವ ದಾರಿ, ಕಿಡಿ ಹಾರುವ ಹೊತ್ತು ನಿರ್ಧರಿಸುವ ಪಾಯಿಂಟ್ ಪ್ಲೇಟ್ ಕೂತಿರುವ ಕೋನ ಎಲ್ಲದರ ಫೋಟೊ ಇರಲಿ.

ಗೇರ್ ಆಯಿಲ್ ಡ್ರೇನ್ ಬೋಲ್ಟ್ ಬಿಚ್ಚಿ ಒಂದು ಹಳೆಯ ಪಾತ್ರೆಗೆ ಇಳಿಸಿ. ಮೊದಲು ನೀರು ಬಂದು ಆಮೇಲೆ ಆಯಿಲ್ ಬಂದರೆ, ಅಥವಾ ಹಾಲು ಹಾಕಿದ ಚಹಾದ ಬಣ್ಣ ಇದ್ದರೆ, ಗೇರ್ ಬಾಕ್ಸ್ ಬೇರಿಂಗ್‌ಗಳೂ ಬದಲಾಯಿಸುವ ಪಟ್ಟಿಗೆ ಸೇರಿದವು. ಲೋಹದ ಚೂರು ಹೊಳೆದರೆ ಅದನ್ನು ಚೆಲ್ಲದೆ ಒಂದು ಸಣ್ಣ ಡಬ್ಬಿಯಲ್ಲಿಡಿ. ಯಾವ ಹಲ್ಲಿನದು ಅಂತ ಆಮೇಲೆ ಗೊತ್ತಾಗುತ್ತದೆ.

## ಹಂತ 3: ನೆನೆಸುವುದು

ಇಡೀ ಕೆಲಸದಲ್ಲಿ ಜನ ಸೋಲುವುದು ಇಲ್ಲೇ. ಬಟಾಣಿ ನೆನೆಸಿದ ಹಾಗೆ ಒಂದು ರಾತ್ರಿಯಲ್ಲಿ ಆಗುವ ಕೆಲಸ ಇದಲ್ಲ. ಕನಿಷ್ಠ ಒಂದು ವಾರ ಕೊಡಿ, ಎರಡು ವಾರ ಆದರೆ ಇನ್ನೂ ಒಳ್ಳೆಯದು.

ಎಟಿಎಫ್ ಮತ್ತು ಅಸಿಟೋನ್ ಸಮ ಪ್ರಮಾಣದಲ್ಲಿ ಬೆರೆಸಿ. ಇವು ನಿಂತಲ್ಲೇ ಬೇರೆಯಾಗುತ್ತವೆ, ಪ್ರತಿ ಸಲ ಕುಲುಕಿ ಹಾಕಬೇಕು. ಅಸಿಟೋನ್ ಆಯಿಲ್ ಅನ್ನು ತೆಳ್ಳಗೆ ಮಾಡಿ ಸಂದಿಗೆ ಇಳಿಸುತ್ತದೆ, ಆಮೇಲೆ ತಾನು ಆರಿಹೋಗುತ್ತದೆ, ಆಯಿಲ್ ಅಲ್ಲೇ ಉಳಿಯುತ್ತದೆ. ಅಸಿಟೋನ್‌ಗೆ ಬೆಂಕಿ ಬಹಳ ಬೇಗ ತಗಲುತ್ತದೆ. ಬಾಗಿಲು ಕಿಟಕಿ ತೆರೆದಿರಲಿ, ಬೀಡಿ ಸಿಗರೇಟು ಹತ್ತಿರ ಬೇಡ, ಕೈಗೆ ಗ್ಲೌಸ್ ಇರಲಿ. ಅಸಿಟೋನ್ ಸಿಗದಿದ್ದರೆ ಡೀಸೆಲ್ ಮತ್ತು ಎಟಿಎಫ್ ಬೆರೆಸಬಹುದು, ದಿನ ಜಾಸ್ತಿ ಹಿಡಿಯುತ್ತದೆ ಅಷ್ಟೆ. ಬರೀ ಪೆಟ್ರೋಲ್ ಹಾಕಬೇಡಿ. ಅದು ಇರುವ ಆಯಿಲ್ ಪಸೆಯನ್ನೂ ತೊಳೆದುಬಿಡುತ್ತದೆ.

ಎಲ್ಲಿಂದ ಹಾಕಬೇಕು ಎನ್ನುವುದು ಪಿಸ್ಟನ್ ಎಲ್ಲಿದೆ ಎನ್ನುವುದರ ಮೇಲೆ. ಪಿಸ್ಟನ್ ಮೇಲಿದ್ದು ಎಕ್ಸಾಸ್ಟ್ ಕಿಂಡಿ ಮುಚ್ಚಿದ್ದರೆ ಸುಲಭ. ಪ್ಲಗ್ ತೂತಿನಿಂದ ಸುರಿಯಿರಿ, ಅದು ಪಿಸ್ಟನ್ ತಲೆಯ ಮೇಲೆ ನಿಲ್ಲುತ್ತದೆ. ಒಂದು ಊದುಬತ್ತಿ ಕಡ್ಡಿ ಇಳಿಸಿ ಎಷ್ಟು ಎತ್ತರ ಇದೆ ಅಂತ ಗುರುತು ಹಾಕಿಕೊಳ್ಳಿ. ಮರುದಿನ ಮಟ್ಟ ಇಳಿದಿದ್ದರೆ ಖುಷಿ ಪಡಿ. ಅಸಿಟೋನ್ ಆರಿದ್ದರಿಂದಲೂ ಸ್ವಲ್ಪ ಇಳಿಯುತ್ತದೆ, ಆದರೆ ದಿನದಿಂದ ದಿನಕ್ಕೆ ಬೇಗ ಬೇಗ ಇಳಿಯತೊಡಗಿದರೆ ಆಯಿಲ್ ರಿಂಗ್ ದಾಟಿ ಕೆಳಗೆ ಹೋಗುತ್ತಿದೆ ಎಂದೇ ಅರ್ಥ.

ಪಿಸ್ಟನ್ ಕೆಳಗಿದ್ದರೆ ಸುರಿದದ್ದೆಲ್ಲ ಎಕ್ಸಾಸ್ಟ್ ಕಿಂಡಿಯಿಂದ ಹೊರಗೆ, ಟ್ರಾನ್ಸ್‌ಫರ್ ಕಿಂಡಿಯಿಂದ (ಕ್ರ್ಯಾಂಕ್ ಕಡೆಯಿಂದ ಮಿಶ್ರಣ ಮೇಲೆ ಬರುವ ದಾರಿ) ಕ್ರ್ಯಾಂಕ್‌ಗೆ ಹೋಗುತ್ತದೆ. ಆಗ ಹೆಡ್ ಮೊದಲೇ ಬಿಚ್ಚಿ. ಹಳೆಯ ಬನಿಯನ್ ಬಟ್ಟೆಯನ್ನು ಬತ್ತಿಯಂತೆ ಹೊಸೆದು ಪಿಸ್ಟನ್ ಅಂಚಿನ ಸುತ್ತ ಉಂಗುರದ ಹಾಗೆ ಇಟ್ಟು ಬೆಳಗ್ಗೆ, ಸಂಜೆ ನೆನೆಸುತ್ತಿರಿ.

ಎರಡರಲ್ಲೂ ಮರೆಯಬಾರದ ಒಂದು ಬಾಗಿಲು ಇದೆ, ಕಾರ್ಬ್ಯುರೇಟರ್ ಕೂರುವ ಇನ್‌ಲೆಟ್ ಕಿಂಡಿ. ಪಿಸ್ಟನ್ ಮೇಲಿದ್ದಾಗ ಅದು ನೇರ ಕ್ರ್ಯಾಂಕ್ ಕಡೆ ತೆರೆದಿರುತ್ತದೆ. ಅಲ್ಲಿಂದ ಹಾಕಿದ್ದು ಬಿಗ್ ಎಂಡ್ (ಕಾನ್‌ರಾಡ್‌ನ ಕೆಳಗಿನ ಬೇರಿಂಗ್) ಮತ್ತು ಮೇನ್ ಬೇರಿಂಗ್ (ಕ್ರ್ಯಾಂಕ್ ಹಿಡಿಯುವ ಬೇರಿಂಗ್) ಕಡೆಗೆ ಇಳಿಯುತ್ತದೆ. ಪಿಸ್ಟನ್ ಕೆಳಗಿದ್ದಾಗ ಅಲ್ಲಿ ಕಾಣುವುದು ಪಿಸ್ಟನ್ ಪಕ್ಕೆ, ಅದಕ್ಕೂ ಆಯಿಲ್ ಬೇಕು. ಬರೀ ಮೇಲಿಂದ ನೆನೆಸಿ ಬೇರಿಂಗ್ ಒಣಗಿರಲು ಬಿಟ್ಟರೆ, ಪಿಸ್ಟನ್ ಬಿಟ್ಟರೂ ಕ್ರ್ಯಾಂಕ್ ಬಿಡುವುದಿಲ್ಲ.

## ಹಂತ 4: ನೆನೆಯುತ್ತಿರುವಾಗ ಗಟ್ಟಿ ನಟ್‌ಗಳನ್ನು ಸಡಿಲಿಸಿ

ಎಂಜಿನ್ ಇಳಿಸಿ ಟೇಬಲ್ ಮೇಲಿಟ್ಟ ಮೇಲೆ ಗಟ್ಟಿ ನಟ್ ಬಿಚ್ಚಲು ಹೋದರೆ ಎಂಜಿನ್ನೇ ಸ್ಪ್ಯಾನರ್ ಜೊತೆ ತಿರುಗುತ್ತದೆ. ಫ್ರೇಮ್‌ನಲ್ಲಿ ಇರುವಾಗ ಫ್ರೇಮ್ ಹಿಡಿದುಕೊಳ್ಳುತ್ತದೆ. ಅದಕ್ಕೇ ಈ ಕೆಲಸ ಈಗಲೇ ಆಗಬೇಕು.

ಇನ್ನೊಂದು ಅನುಕೂಲವೂ ಇದೆ. ಕ್ರ್ಯಾಂಕ್ ಜಾಮ್ ಆಗಿರುವಾಗ ಅದನ್ನು ಬೇರೆ ಯಾರೂ ಹಿಡಿಯಬೇಕಿಲ್ಲ. ರೋಟರ್ ಬೋಲ್ಟ್ ಮತ್ತು ಎಡಗಡೆ ಎಂಜಿನ್ ಸ್ಪ್ರಾಕೆಟ್ ನಟ್ ಎರಡನ್ನೂ ಈಗ ಸಡಿಲಿಸಿ, ಪೂರ್ತಿ ತೆಗೆಯುವುದು ಬೇಡ. ಸ್ಪ್ಯಾನರ್‌ಗೆ ಪೈಪ್ ಸೇರಿಸಿ ಮೈಭಾರ ಹಾಕಬೇಡಿ. ನಟ್‌ಗೆ ಹೀಟ್ ಗನ್ ಹಿಡಿದು ಮತ್ತೆ ಪ್ರಯತ್ನಿಸಿ. ಆದರೆ ಅಸಿಟೋನ್ ಇನ್ನೂ ಎಂಜಿನ್ ಒಳಗೋ ಹತ್ತಿರದಲ್ಲೋ ಇರುವಾಗ ಅಲ್ಲ, ಅದನ್ನು ತೆಗೆದು, ಒರೆಸಿ, ಪೂರ್ತಿ ಗಾಳಿ ಆಡಿದ ಮೇಲೆ.

ಎಡಗಡೆ ಕವರ್ ಬಿಚ್ಚುವ ಮುಂಚೆ ಕಿಕ್ ಲಿವರ್ ತೆಗೆಯಬೇಕು. ಕವರ್ ಸ್ಕ್ರೂಗಳು ಒಂದೇ ಉದ್ದದವಲ್ಲ. ರಟ್ಟಿನ ಮೇಲೆ ಕವರ್‌ನ ಆಕಾರ ಬರೆದು, ಸ್ಕ್ರೂ ಇದ್ದ ಜಾಗದಲ್ಲೇ ತೂತು ಮಾಡಿ ಚುಚ್ಚಿಡಿ. ಉದ್ದದ ಸ್ಕ್ರೂ ಗಿಡ್ಡ ತೂತಿಗೆ ಹೋದರೆ ಬಿಗಿಯುವಾಗ ಚೇಂಬರ್ ಒಡೆಯುತ್ತದೆ.

ಕ್ಲಚ್ ಸ್ಪ್ರಿಂಗ್, ಪ್ಲೇಟ್‌ಗಳನ್ನು ತೆಗೆಯಿರಿ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಕಾರ್ಕ್ ಪ್ಲೇಟ್‌ಗಳು ಸ್ಟೀಲ್ ಪ್ಲೇಟ್‌ಗೆ ಅಂಟಿಕೊಂಡಿರುತ್ತವೆ. ತೆಳ್ಳಗಿನ ಚಾಕು ಆಡಿಸಿ ಬಿಡಿಸಿ, ಬಗ್ಗಿಸಬೇಡಿ. ಒಳಗಿನ ಹಬ್ ನಟ್ ಬಿಚ್ಚಲು ಗಾಡಿಯನ್ನು ನಾಲ್ಕನೇ ಗೇರ್‌ಗೆ ಹಾಕಿ, ಒಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿಯಲಿ. ಹಿಂದಿನ ಚೈನ್ ಇನ್ನೂ ಇರಬೇಕು, ಅದನ್ನು ಮೊದಲೇ ಬಿಚ್ಚಿದರೆ ಈ ಉಪಾಯ ಕೈ ತಪ್ಪುತ್ತದೆ.

ಬಲ ಹಾಕುವ ಮುಂಚೆ ನಟ್‌ನ ಥ್ರೆಡ್ ನೋಡಿ. ಶಾಫ್ಟ್ ಅನ್ನು ನೆಟ್ಟಗೆ ನಿಲ್ಲಿಸಿ ನೋಡುತ್ತಿದ್ದೀರಿ ಎಂದುಕೊಳ್ಳಿ. ಗೆರೆಗಳು ಬಲಗಡೆಗೆ ಏರಿದರೆ ಮಾಮೂಲು ಥ್ರೆಡ್, ಎಡಗಡೆಗೆ ಏರಿದರೆ ಉಲ್ಟಾ. ತಿರುಗುವ ಶಾಫ್ಟ್‌ಗಳ ಮೇಲೆ ಉಲ್ಟಾ ಥ್ರೆಡ್ ಇರುವುದು ಅಪರೂಪವಲ್ಲ. ಲಾಕ್ ವಾಷರ್‌ನ ಕಿವಿ ಬಿಚ್ಚಿದ್ದೀರಾ ಅಂತಲೂ ನೋಡಿ. ಎಷ್ಟೇ ಬಲ ಹಾಕಿದರೂ ಬರುತ್ತಿಲ್ಲ ಅಂದರೆ ನೀವು ಬಿಗಿಯುತ್ತಿರುವ ಸಾಧ್ಯತೆ ಇದೆ.

## ಹಂತ 5: ಹೆಡ್ ಬಿಚ್ಚಿ ಪಿಸ್ಟನ್ ಅಲ್ಲಾಡಿಸುವುದು

ಹೆಡ್ ನಟ್‌ಗಳನ್ನು ಒಂದೇ ಸಲ ಪೂರ್ತಿ ಬಿಚ್ಚಬೇಡಿ. ಎದುರು ಬದುರಾಗಿ ಅರ್ಧ ಸುತ್ತು, ಮತ್ತೆ ಅರ್ಧ ಸುತ್ತು. ಹೆಡ್ ಅಲ್ಯುಮಿನಿಯಂ, ಒಂದು ಕಡೆ ಮಾತ್ರ ಬಿಗಿ ಇದ್ದರೆ ಸೊಟ್ಟಗಾಗುತ್ತದೆ. ಅಂಟಿಕೊಂಡಿದ್ದರೆ ನೈಲಾನ್ ಸುತ್ತಿಗೆಯಿಂದ ಸುತ್ತ ತಟ್ಟಿ. ಫಿನ್ ಕೆಳಗೆ ಏನನ್ನೂ ತೂರಿಸಿ ಮೀಟಬೇಡಿ.

ಹೆಡ್ ಬಂದ ತಕ್ಷಣ ಪಿಸ್ಟನ್‌ಗೆ ಹೊಡೆಯುವ ಮನಸ್ಸಾಗುತ್ತದೆ. ತಡೆಯಿರಿ. ಮೊದಲು ಪಿಸ್ಟನ್ ಮೇಲಿನ ಬೋರ್ ಗೋಡೆಯನ್ನು ಸ್ವಚ್ಛ ಮಾಡಿ. ಸಣ್ಣ ಎಮರಿ ಪೇಪರ್‌ಗೆ ಆಯಿಲ್ ಹಚ್ಚಿ ತುಕ್ಕು ಮತ್ತು ಮಸಿ ಎರಡನ್ನೂ ತಿಕ್ಕಿ ತೆಗೆಯಿರಿ. ಯಾಕೆಂದರೆ ಪಿಸ್ಟನ್ ಒಂದಲ್ಲ ಒಂದು ಸಲ ಆ ದಾರಿಯಲ್ಲಿ ಬರಲೇಬೇಕು. ದಾರಿಯಲ್ಲಿ ತುಕ್ಕು ಇದ್ದರೆ ಬಿಟ್ಟ ಪಿಸ್ಟನ್ ಎರಡು ಮಿ.ಮೀ. ಏರಿ ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ.

ಈಗ ಮರದ ತುಂಡನ್ನು ಪಿಸ್ಟನ್ ಮೇಲಿಟ್ಟು ಒಂದು ಕೆಜಿ ಸುತ್ತಿಗೆಯಿಂದ ತಟ್ಟಿ. ಈ ಪಿಸ್ಟನ್‌ನ ತಲೆ ಉಬ್ಬಿರುತ್ತದೆ. ಮರದ ತಳವನ್ನು ಸ್ವಲ್ಪ ತೋಡಿ, ಏಟು ಅಂಚಿನ ಕಡೆಗೆ ಬೀಳುವ ಹಾಗೆ ಮಾಡಿಕೊಳ್ಳಿ. ನಡುವೆಯೇ ಹೊಡೆದರೆ ತಲೆ ತೂತಾಗುತ್ತದೆ. ಗಿಡ್ಡ ಏಟು, ಹತ್ತು ಹದಿನೈದು. ಆಮೇಲೆ ಮತ್ತೆ ಆಯಿಲ್ ಹಾಕಿ ಬಿಟ್ಟುಬಿಡಿ, ಸಂಜೆ ಮತ್ತೆ ನೋಡಿ. ಏಟಿನ ಉದ್ದೇಶ ಪಿಸ್ಟನ್ ಇಳಿಸುವುದಲ್ಲ. ತುಕ್ಕಿನ ಹಿಡಿತ ಬಿರುಕು ಬಿಟ್ಟು ಆಯಿಲ್‌ಗೆ ದಾರಿ ಆಗಲಿ ಅಂತ.

ಶಬ್ದ ಕೇಳುತ್ತಿರಿ. ಹಿಡಿದಿರುವ ಪಿಸ್ಟನ್ ಗಟ್ಟಿ ಬಂಡೆಗೆ ಹೊಡೆದ ಹಾಗೆ ಕೇಳಿಸುತ್ತದೆ. ಬಿಡುವ ಹೊತ್ತಿಗೆ ಶಬ್ದ ಮಂದವಾಗುತ್ತದೆ. ಆ ಕೊಟ್ಟಿಗೆಯ ಯೆಜ್ಡಿಯಲ್ಲಿ ಹನ್ನೊಂದನೆಯ ದಿನ ಬೆಳಗ್ಗೆ ನಾಲ್ಕನೇ ಏಟಿಗೆ ಟಕ್ ಅಂತ ಒಂದೇ ಒಂದು ಸದ್ದು ಬಂತು. ಪಿಸ್ಟನ್ ಅಂಚಿನ ಸುತ್ತ ನಿಂತಿದ್ದ ಕೆಂಪು ಆಯಿಲ್‌ನಲ್ಲಿ ಸಣ್ಣ ಗುಳ್ಳೆಗಳು ಎದ್ದವು. ಅಷ್ಟೇ. ಅಳತೆ ಮಾಡಿದರೆ ಅರ್ಧ ಮಿ.ಮೀ. ಕೂಡ ಸರಿದಿರಲಿಲ್ಲ, ಆದರೆ ಕೆಲಸ ಮುಗಿದಿತ್ತು.

ಪಿಸ್ಟನ್ ಎಲ್ಲಿದೆ ಎನ್ನುವುದು ಇಲ್ಲಿ ಮತ್ತೆ ಬರುತ್ತದೆ. ಅದು ತುತ್ತತುದಿಯಲ್ಲೋ ತೀರ ತಳದಲ್ಲೋ ಇದ್ದರೆ ಕಾನ್‌ರಾಡ್ ಮತ್ತು ಕ್ರ್ಯಾಂಕ್ ನೇರ ಗೆರೆಯಲ್ಲಿರುತ್ತವೆ. ಮೇಲಿಂದ ಹೊಡೆದ ಏಟೆಲ್ಲ ಬೇರಿಂಗ್ ಮೇಲೆ ಬೀಳುತ್ತದೆ, ಪಿಸ್ಟನ್ ಎಲ್ಲಿಗೂ ಹೋಗುವುದಿಲ್ಲ. ತುದಿಯಲ್ಲಿದ್ದರೆ ತಟ್ಟುವಾಗಲೇ ಇನ್ನೊಬ್ಬರು ರೋಟರ್ ಬೋಲ್ಟ್ ಅನ್ನು ಬಿಗಿಯುವ ಕಡೆಗೆ ಹದವಾಗಿ ಎಳೆದು ಹಿಡಿದಿರಬೇಕು. ಸಡಿಲಿಸಿದ್ದ ಬೋಲ್ಟ್ ಅನ್ನು ಅದಕ್ಕೆ ಮುಂಚೆ ಮತ್ತೆ ಕೂರಿಸಿಕೊಳ್ಳಿ. ತೀರ ತಳದಲ್ಲಿ ಇದ್ದರೆ ಹೊಡೆಯಲೇಬೇಡಿ, ಮುಂದಿನ ಹಂತಕ್ಕೆ ಹೋಗಿ.

ಬಿಟ್ಟ ಮೇಲೂ ಪೂರ್ತಿ ಸುತ್ತಿಸಬೇಡಿ. ಐದು ಮಿ.ಮೀ. ಕೆಳಗೆ, ಐದು ಮಿ.ಮೀ. ಮೇಲೆ, ಆಯಿಲ್ ಹಾಕಿ ಮತ್ತೆ. ತುಕ್ಕಿನ ಪುಡಿ ರಿಂಗ್ ಸಂದಿಯಿಂದ ಹೊರಗೆ ಬರಲು ಅವಕಾಶ ಕೊಡಿ.

ಬಿಸಿ ಮಾಡುವ ಬಗ್ಗೆ ಒಂದು ಮಾತು. ಬ್ಲಾಕ್ ಬೀಡು ಕಬ್ಬಿಣ, ಪಿಸ್ಟನ್ ಅಲ್ಯುಮಿನಿಯಂ. ಬಿಸಿಗೆ ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅಂದರೆ ಎರಡೂ ಒಟ್ಟಿಗೆ ಕಾದರೆ ಪಿಸ್ಟನ್ ಇನ್ನೂ ಬಿಗಿಯಾಗುತ್ತದೆ. ಗಂಟೆಗಟ್ಟಲೆ ಬಿಸಿ ಮಾಡಿ ಹೊಡೆಯುವವರು ಇದನ್ನು ಮರೆಯುತ್ತಾರೆ. ಬಿಸಿ ಮಾಡಬೇಕೆಂದರೆ ಹೊರಗಿನ ಬ್ಲಾಕ್‌ಗೆ ಮಾತ್ರ, ಬೇಗ ಬೇಗ, ಸುತ್ತ ಸಮವಾಗಿ. ಆಮೇಲೆ ಪೂರ್ತಿ ಆರಲು ಬಿಡಿ. ಹಿಗ್ಗಿ ಕುಗ್ಗುವಾಗ ತುಕ್ಕಿನ ಹಿಡಿತ ಸಡಿಲವಾಗುತ್ತದೆ. ಆರಿದ ಮೇಲೆ ಬರೀ ಎಟಿಎಫ್ ಹಾಕಿ. ಅಸಿಟೋನ್ ಇರುವಾಗ ಬಿಸಿ ಬೇಡವೇ ಬೇಡ.

## ಹಂತ 6: ಎರಡು ವಾರ ಆದರೂ ಜಗ್ಗದಿದ್ದರೆ

ಎಂಜಿನ್ ಅನ್ನು ಫ್ರೇಮ್‌ನಿಂದ ಇಳಿಸಿ, ಇಬ್ಬರು ಇರಲಿ. ಪಿಸ್ಟನ್ ಕೆಳಗೆ ನಿಂತಿದ್ದರೆ ಒಂದು ದಾರಿ ಉಂಟು. ಬ್ಲಾಕ್ ಹಿಡಿದಿರುವ ನಟ್‌ಗಳನ್ನು ಬಿಚ್ಚಿ ಬ್ಲಾಕ್ ಅನ್ನೇ ಮೇಲಕ್ಕೆ ಎತ್ತಿ. ಕ್ರ್ಯಾಂಕ್ ಸುತ್ತುವ ಸ್ಥಿತಿಯಲ್ಲಿದ್ದರೆ ಪಿಸ್ಟನ್ ಕಚ್ಚಿಕೊಂಡಂತೆಯೇ ಬ್ಲಾಕ್ ಜೊತೆ ಏರುತ್ತದೆ. ಬ್ಲಾಕ್‌ನ ಬುಡ ಚೇಂಬರ್ ಬಾಯಿಂದ ಹೊರಬಂದರೆ ಕೆಳಗೆ ಎರಡು ಮರದ ತುಂಡು ಕೊಟ್ಟು ನಿಲ್ಲಿಸಿ, ಪಿಸ್ಟನ್‌ನ ಕೆಳಗಿನಿಂದಲೂ ಆಯಿಲ್ ಹಾಕಬಹುದು. ಆಮೇಲೆ ಚೇಂಬರ್ ಬಿಚ್ಚಿ, ಕ್ರ್ಯಾಂಕ್, ರಾಡ್, ಪಿಸ್ಟನ್, ಬ್ಲಾಕ್ ಒಂದೇ ಗಂಟಾಗಿ ಹೊರಗೆ ತೆಗೆದು ಹೈಡ್ರಾಲಿಕ್ ಪ್ರೆಸ್ ಇರುವ ಲೇತ್‌ಗೆ ಒಯ್ಯಿರಿ.

ಪ್ಲಗ್ ತೂತಿಗೆ ನಿಪ್ಪಲ್ ಕೂರಿಸಿ ಗ್ರೀಸ್ ಗನ್‌ನಿಂದ ತಳ್ಳುವ ಉಪಾಯವನ್ನು ಹಲವರು ಹೇಳುತ್ತಾರೆ. ಪಿಸ್ಟನ್ ಎಕ್ಸಾಸ್ಟ್ ಕಿಂಡಿಯನ್ನು ಪೂರ್ತಿ ಮುಚ್ಚಿದ್ದರೆ ಮಾತ್ರ ಅದು ನಡೆಯುತ್ತದೆ, ಇಲ್ಲವೆಂದರೆ ಗ್ರೀಸ್ ಕಿಂಡಿಯಿಂದ ಹೊರಗೆ ಬರುತ್ತದೆ. ಅದರ ಬಲವೂ ಗೊತ್ತಿರಲಿ. 65 ಮಿ.ಮೀ. ಪಿಸ್ಟನ್‌ನ ತಲೆ ಸುಮಾರು 33 ಚದರ ಸೆಂ.ಮೀ. ಒಂದು ಚದರ ಸೆಂ.ಮೀ.ಗೆ 100 ಕೆಜಿ ಒತ್ತಡ ಕೊಟ್ಟರೆ ಪಿಸ್ಟನ್ ಮೇಲೆ ಬೀಳುವುದು 3,300 ಕೆಜಿ. ಬಿಚ್ಚಿದ ಹೆಡ್ ಮತ್ತೆ ಕೂರಿಸಿ ನಟ್‌ಗಳನ್ನೆಲ್ಲ ಬಿಗಿದಿರಬೇಕು, ಪಿಸ್ಟನ್ ತುತ್ತತುದಿಯಲ್ಲಿ ಇರಬಾರದು, ಮುಖ ಪ್ಲಗ್ ತೂತಿನ ಎದುರು ಇರಬಾರದು. ಗನ್ ಹಿಡಿ ಒಮ್ಮೆಲೇ ಗಟ್ಟಿಯಾದರೆ ಅಲ್ಲಿಗೇ ನಿಲ್ಲಿಸಿ ಒಂದು ದಿನ ಬಿಡಿ.

ಕೊನೆಯ ದಾರಿ ಪಿಸ್ಟನ್ ಬಲಿ ಕೊಡುವುದು. ಲೇತ್‌ನಲ್ಲಿ ಪಿಸ್ಟನ್ ತಲೆಗೆ ತೂತುಗಳನ್ನು ಕೊರೆದು, ನಡುಭಾಗ ತೆಗೆದು, ಉಳಿದ ಗೋಡೆಯನ್ನು ಒಳಕ್ಕೆ ಮಡಿಸಿ ತೆಗೆಯುತ್ತಾರೆ. ಬೋರ್ ಗೋಡೆಗೆ ಡ್ರಿಲ್ ತಾಗಬಾರದು ಎಂದು ಮೊದಲೇ ಹೇಳಿ. ಹೇಗೂ ರಿಬೋರ್ ಆಗುವ, ಅಂದರೆ ಒಳಗೋಡೆ ಮತ್ತೆ ಕೊರೆಸುವ ಬ್ಲಾಕ್, ಆದರೂ ಆಳದ ಗೀರು ಬಿದ್ದರೆ ಒಂದು ಸೈಜ್ ಬದಲು ಎರಡು ಸೈಜ್ ಕೊರೆಯಬೇಕಾಗುತ್ತದೆ.

## ಹಂತ 7: ಬ್ಲಾಕ್ ಎತ್ತುವುದು, ಪಿನ್ ತೆಗೆಯುವುದು

ಪಿಸ್ಟನ್ ಬಿಟ್ಟಿದ್ದರೆ ಬ್ಲಾಕ್ ಅನ್ನು ನೇರವಾಗಿ ಎತ್ತಿ. ತಿರುಚಬೇಡಿ. ಟೂ ಸ್ಟ್ರೋಕ್ ಪಿಸ್ಟನ್‌ನಲ್ಲಿ ರಿಂಗ್ ತುದಿಗಳು ಸರಿಯದಂತೆ ಸಣ್ಣ ಪಿನ್ ಇರುತ್ತದೆ. ಬ್ಲಾಕ್ ತಿರುಗಿದರೆ ರಿಂಗ್ ತುದಿ ಕಿಂಡಿಯೊಳಗೆ ಸಿಕ್ಕಿ ಮುರಿಯುತ್ತದೆ, ಬೋರ್‌ಗೂ ಗೀರು ಬೀಳುತ್ತದೆ. ಅರ್ಧ ಎತ್ತಿದ ಕೂಡಲೇ ಚೇಂಬರ್ ಬಾಯಿಗೆ ಬಟ್ಟೆ ತುರುಕಿ. ಸರ್ಕ್ಲಿಪ್ ಚಿಮ್ಮಿ ಕ್ರ್ಯಾಂಕ್ ಒಳಗೆ ಬಿದ್ದರೆ ಹುಡುಕುವುದು ಬಹಳ ಕಷ್ಟ.

ಪಿಸ್ಟನ್ ಪಿನ್‌ಗೆ ಸುತ್ತಿಗೆ ಬೇಡ, ಪಕ್ಕದ ಏಟಿಗೆ ರಾಡ್ ಬಾಗುತ್ತದೆ. ಪಿಸ್ಟನ್‌ಗೆ ಹೀಟ್ ಗನ್ ಹಿಡಿಯಿರಿ, ಇಲ್ಲಿ ಅಲ್ಯುಮಿನಿಯಂ ಹಿಗ್ಗುವುದು ನಮ್ಮ ಪರ. ಉದ್ದದ ಬೋಲ್ಟ್, ಒಂದು ಪೈಪ್ ತುಂಡು, ವಾಷರ್ ಮತ್ತು ನಟ್ ಇದ್ದರೆ ಪಿನ್ ಎಳೆಯುವ ಪುಲ್ಲರ್ ನೀವೇ ಮಾಡಬಹುದು.

## ಹಂತ 8: ರೋಟರ್, ಪ್ರೈಮರಿ ಚೈನ್

ಡೈನಮೊದ ಹೊರ ಭಾಗ ತೆಗೆಯುವ ಮುಂಚೆ ಕಾರ್ಬನ್ ಬ್ರಷ್‌ಗಳನ್ನು ಎತ್ತಿ ಹಿಡಿಯಿರಿ, ಇಲ್ಲದಿದ್ದರೆ ಅಂಚು ಮುರಿಯುತ್ತದೆ. ರೋಟರ್ ತುದಿಗೆ ಹೋಗುತ್ತಾ ಸಣ್ಣಗಾಗುವ ಶಾಫ್ಟ್ ಮೇಲೆ ಕಚ್ಚಿ ಕೂತಿರುತ್ತದೆ. ಪುಲ್ಲರ್ ಬಿಗಿದು ಒಂದು ನಿಮಿಷ ಬಿಡಿ, ಮತ್ತೆ ಕಾಲು ಸುತ್ತು ಬಿಗಿಯಿರಿ. ಕ್ರ್ಯಾಂಕ್ ತುದಿಗೆ ಸುತ್ತಿಗೆಯಿಂದ ಹೊಡೆಯಬೇಡಿ. ಈ ಕ್ರ್ಯಾಂಕ್ ಒಂದೇ ತುಂಡಲ್ಲ, ಬೇರೆ ಬೇರೆ ಭಾಗಗಳನ್ನು ಪ್ರೆಸ್‌ನಲ್ಲಿ ಒತ್ತಿ ಸೇರಿಸಿದ್ದು. ಒಂದು ಏಟಿಗೆ ಅದರ ಸಾಲು ತಪ್ಪಬಹುದು.

ಎಡಗಡೆ ಪ್ರೈಮರಿ ಚೈನ್‌ಗೆ ಲಾಕ್ ಇರುವುದಿಲ್ಲ. ಎಂಜಿನ್ ಸ್ಪ್ರಾಕೆಟ್, ಚೈನ್, ಕ್ಲಚ್ ಡ್ರಮ್ ಮೂರೂ ಒಟ್ಟಿಗೆ ಹೊರಗೆ ಬರಬೇಕು. ಡ್ರಮ್ ಹಿಂದೆ ಇರುವ ತೆಳ್ಳಗಿನ ವಾಷರ್ ಆಯಿಲ್ ಪಸೆಗೆ ಅಂಟಿಕೊಂಡು ಕಾಣುವುದೇ ಇಲ್ಲ, ಬೆರಳಿನಿಂದ ಸವರಿ ನೋಡಿ.

## ಹಂತ 9: ಚೇಂಬರ್ ಬೇರೆ ಮಾಡುವುದು

ಎಂಜಿನ್ ಇನ್ನೂ ಫ್ರೇಮ್‌ನಲ್ಲೇ ಇದ್ದರೆ ಈಗ ಇಳಿಸಿ. ಎಲ್ಲ ಸ್ಕ್ರೂ ಬಂದಿವೆಯಾ ಅಂತ ರಟ್ಟಿನ ಜೊತೆ ಎಣಿಸಿ. ಕೊಳೆ ತುಂಬಿದ ಗುಂಡಿಯೊಳಗೆ ಒಂದು ಸ್ಕ್ರೂ ಅಡಗಿರುತ್ತದೆ, ಚುಚ್ಚಿ ನೋಡಿ. ಹೊರಗಿನಿಂದ ಒಳಕ್ಕೆ ಹೋಗಿರುವ ಯಾವುದೇ ಬೋಲ್ಟ್ ಉಳಿದಿರಬಾರದು.

ಬೇರಿಂಗ್ ಕೂರುವ ಜಾಗದ ಸುತ್ತ ಹೀಟ್ ಗನ್ ಆಡಿಸಿ. ನೀರಿನ ಹನಿ ಬಿಟ್ಟರೆ ಚುಂಯ್ ಎನ್ನಬೇಕು, ಅಷ್ಟು ಸಾಕು. ಗ್ಯಾಸ್ ವೆಲ್ಡಿಂಗ್ ಜ್ವಾಲೆ ಬೇಡ, ಒಂದೇ ಕಡೆ ಕಾದು ಚೇಂಬರ್ ಸೊಟ್ಟಗಾಗುತ್ತದೆ. ಎಂಜಿನ್ ಅನ್ನು ಮರದ ಚೌಕಟ್ಟಿನ ಮೇಲೆ ಅಡ್ಡ ಮಲಗಿಸಿ, ಮೇಲಿನ ಭಾಗವನ್ನು ನೈಲಾನ್ ಸುತ್ತಿಗೆಯಿಂದ ಸುತ್ತ ತಟ್ಟುತ್ತಾ ಎತ್ತಿ. ಜೋಡಣೆಯ ಸಂದಿ ಮುಂದೆ, ಹಿಂದೆ ಸಮವಾಗಿ ತೆರೆಯಬೇಕು. ಒಂದು ಕಡೆ ಮೂರು ಮಿ.ಮೀ. ತೆರೆದು ಇನ್ನೊಂದು ಕಡೆ ಮುಚ್ಚಿಯೇ ಇದ್ದರೆ ನಿಲ್ಲಿಸಿ. ಅಲ್ಲೊಂದು ಸ್ಕ್ರೂ ಉಳಿದಿದೆ, ಅಥವಾ ಡವೆಲ್ ಪಿನ್ (ಎರಡು ಭಾಗಗಳನ್ನು ಸರಿಯಾಗಿ ಕೂರಿಸುವ ಪಿನ್) ತುಕ್ಕು ಹಿಡಿದಿದೆ. ಮತ್ತೆ ಒತ್ತಿ ಸಮ ಮಾಡಿ, ಕಾರಣ ಹುಡುಕಿ, ಆಮೇಲೆ ಮುಂದುವರಿಯಿರಿ.

ಸಂದಿಗೆ ಸ್ಕ್ರೂಡ್ರೈವರ್ ತೂರಿಸಬೇಡಿ. ಟೂ ಸ್ಟ್ರೋಕ್‌ನಲ್ಲಿ ಚೇಂಬರ್ ಬರೀ ಡಬ್ಬಿ ಅಲ್ಲ, ಪೆಟ್ರೋಲ್ ಮಿಶ್ರಣ ಎಳೆದು ಮೇಲಕ್ಕೆ ತಳ್ಳುವ ಪಂಪ್. ನಾನು ಮೊದಲ ಸಲ ಬಿಚ್ಚಿದ ಜಾವಾದಲ್ಲಿ ಒಂದು ಕಡೆ ಮೀಟಿದ್ದೆ. ಉಗುರಿನಷ್ಟು ಗಾಯ, ಪ್ಯಾಕಿಂಗ್ ಮತ್ತು ಅಂಟು ಮುಚ್ಚುತ್ತದೆ ಎಂದುಕೊಂಡೆ. ಜೋಡಿಸಿದ ಮೇಲೆ ಐಡ್ಲಿಂಗ್ ನಿಲ್ಲಲಿಲ್ಲ, ಥ್ರಾಟಲ್ ಬಿಟ್ಟರೂ ಎಂಜಿನ್ ತಾನೇ ಏರುತ್ತಿತ್ತು. ಆ ಗಾಯದಿಂದ ಗಾಳಿ ಎಳೆಯುತ್ತಿತ್ತು. ಗಾಳಿ ಜಾಸ್ತಿಯಾದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಅದರ ಜೊತೆ ಬರುವ ಟೂ-ಟಿ ಆಯಿಲ್ (ಪೆಟ್ರೋಲ್‌ಗೆ ಬೆರೆಸುವ ಆಯಿಲ್) ಕೂಡ ಕಡಿಮೆ. ಹೊಸ ಪಿಸ್ಟನ್ ಒಂದೇ ತಿಂಗಳಲ್ಲಿ ಹಿಡಿಯಿತು.

ತೆರೆದ ಮೇಲೆ ಗೇರುಗಳು ಯಾವ ಭಾಗದಲ್ಲಿ ಹೇಗೆ ಉಳಿದಿವೆಯೋ ಹಾಗೇ ಫೋಟೊ ತೆಗೆಯಿರಿ. ಶಾಫ್ಟ್ ತುದಿಯ ಶಿಮ್‌ಗಳು (ತೆಳ್ಳಗಿನ ವಾಷರ್‌ಗಳು) ಎದುರು ಭಾಗಕ್ಕೆ ಅಂಟಿರಬಹುದು. ಪ್ರತಿ ಶಾಫ್ಟ್‌ನ ಗೇರ್, ವಾಷರ್‌ಗಳನ್ನು ಅದೇ ಕ್ರಮದಲ್ಲಿ ತಂತಿಗೆ ಪೋಣಿಸಿಡಿ. ಕ್ರ್ಯಾಂಕ್ ಬೇರಿಂಗ್‌ನಲ್ಲಿ ಬಿಗಿಯಾಗಿದ್ದರೆ ಮತ್ತೆ ಬಿಸಿ, ಮತ್ತೆ ಪುಲ್ಲರ್. ಬೇರಿಂಗ್ ತೆಗೆಯಲು ಆಯಿಲ್ ಪೂರ್ತಿ ತೊಳೆದ ಚೇಂಬರ್ ಅನ್ನು ಕಾಯಿಸಿ ಮರದ ಮೇಲೆ ತಟ್ಟಿದರೆ ಹಲವು ಸಲ ತಾವೇ ಬೀಳುತ್ತವೆ.

## ಹಂತ 10: ಲೇತ್‌ಗೆ ಹೋಗುವ ಮುಂಚೆ

ಬೇರಿಂಗ್ ಮೇಲಿನ ನಂಬರ್‌ಗಳನ್ನು ಪೂರ್ತಿ ಬರೆದುಕೊಳ್ಳಿ, ಕೊನೆಯಲ್ಲಿ ಸಿ3 ಅಂತ ಇದ್ದರೆ ಅದೂ ಸೇರಿ. ಅದು ಒಳಗಿನ ಸಡಿಲಿನ ಅಳತೆ, ಬೇರೆಯದು ಹಾಕಿದರೆ ಬಿಸಿಯಾದಾಗ ಬಿಗಿಯುತ್ತದೆ. ಆಯಿಲ್ ಸೀಲ್, ಪ್ಯಾಕಿಂಗ್ ಯಾವುದನ್ನೂ ಉಳಿಸಿಕೊಳ್ಳಬೇಡಿ.

ರಾಡ್ ಹಿಡಿದು ಮೇಲೆ ಕೆಳಗೆ ಎಳೆಯಿರಿ. ಟಕಟಕ ಅಂದರೆ ಬಿಗ್ ಎಂಡ್ ಹೋಗಿದೆ. ಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ, ಅದಕ್ಕೆ ಹೆದರಬೇಡಿ. ಮೆಲ್ಲಗೆ ಸುತ್ತಿಸಿದಾಗ ಮರಳು ಸಿಕ್ಕಿದ ಹಾಗೆ ಗರಗರ ಎಂದರೆ ರೋಲರ್‌ಗಳಲ್ಲಿ ತುಕ್ಕಿನ ಕುಳಿ ಇದೆ, ತೊಳೆದರೆ ಹೋಗುವುದಿಲ್ಲ. ಕ್ರ್ಯಾಂಕ್ ಬಿಚ್ಚಿ ಹೊಸ ಬೇರಿಂಗ್ ಹಾಕಿ ಮತ್ತೆ ಸಾಲು ಸರಿ ಮಾಡುವುದು ಡಯಲ್ ಗೇಜ್ ಇಟ್ಟುಕೊಂಡಿರುವವರ ಕೆಲಸ. ಕಣ್ಣಳತೆಯಲ್ಲಿ ಮಾಡುತ್ತೇನೆ ಅನ್ನುವವರಿಗೆ ಕೊಡಬೇಡಿ.

ಬ್ಲಾಕ್ ಅನ್ನು ರಿಬೋರ್‌ಗೆ ಕೊಡುವಾಗ ಹೊಸ ಪಿಸ್ಟನ್ ಜೊತೆಯಲ್ಲೇ ಒಯ್ಯಿರಿ. ಓವರ್‌ಸೈಜ್ 0.25, 0.50 ಅಂತ ಡಬ್ಬದ ಮೇಲೆ ಬರೆದಿರುವುದನ್ನು ನಂಬಿ ಮೊದಲೇ ಕೊರೆಸಬೇಡಿ, ಕೈಯಲ್ಲಿರುವ ಪಿಸ್ಟನ್ ಅಳೆದೇ ಕೊರೆಯಬೇಕು. ಕೊರೆದ ಮೇಲೆ ಕಿಂಡಿಗಳ ಅಂಚನ್ನು ಸಣ್ಣಗೆ ಉಜ್ಜಿ ಮೊನೆ ತೆಗೆಯಲು ಹೇಳಿ, ಹೇಳದಿದ್ದರೆ ಮರೆತುಬಿಡುತ್ತಾರೆ. ಬ್ಲಾಕ್ ವಾಪಸ್ ಬಂದ ದಿನವೇ ಸೋಪು ನೀರಿನಲ್ಲಿ ತೊಳೆದು, ಒರೆಸಿ, ಬೋರ್‌ಗೆ ಟೂ-ಟಿ ಆಯಿಲ್ ಸವರಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಮಳೆಗಾಲದಲ್ಲಿ ಹೊಸದಾಗಿ ಕೊರೆದ ಬೋರ್‌ಗೆ ಒಂದೇ ರಾತ್ರಿಯಲ್ಲಿ ತುಕ್ಕು ಬರುತ್ತದೆ.